ಏಳು ಹರದಾರಿ ಘಮ

ದೌಲಿಯು
12 ಅಕ್ಟೋಬರ್ 1993

ಮಗಳು ಪೆಕ್‌ಹಾಗೆ,

ನಿನ್ನ ಪ್ರಯೋಗಾಲಯಕ್ಕೆ ಮೂರು ಸಲ ಫೋನು ಮಾಡಿಸಿದೆ. ಮೂರು ಸಲವೂ ಯಾರೋ ಹುಡುಗಿ ಎತ್ತಿಕೊಂಡು "ಡಾಕ್ಟ್ರು ಮೀಟಿಂಗಲ್ಲಿದಾರೆ" ಎಂದಳು. ಇಷ್ಟೊಂದು ಮೀಟಿಂಗು ಮಾಡುವವರು ಕೋಳಿಗಳನ್ನು ಯಾವಾಗ ನೋಡುತ್ತೀರೋ ನಾನರಿಯೆ. ಅದಕ್ಕೇ ಓಂಗ್ ಮೇಷ್ಟ್ರನ್ನು ಅಂಗಡಿಯ ಮುಂದೆ ಸ್ಟೂಲು ಹಾಕಿ ಕೂರಿಸಿಕೊಂಡು ಬರೆಸುತ್ತಿದ್ದೇನೆ. ಅವರಿಗೆ ಎರಡು ಕಡ್ಡಿ ಸುಟ್ಟ ಕೋಳಿ ಅಂಡು ಕೊಟ್ಟಿದ್ದೇನೆ. ತಿನ್ನುತ್ತಲೇ ಬರೆಯುತ್ತಿದ್ದಾರೆ, ಕಾಗದಕ್ಕೆ ಜಿಡ್ಡು ಹತ್ತಿದರೆ ನನ್ನನ್ನು ಬೈಯಬೇಡ. (ಹತ್ತದಂತೆ ನೋಡಿಕೊಳ್ಳುತ್ತಿದ್ದೇನೆ. 'ಅಂಡು' ಬದಲು 'ಬಾಲದ ಬುಡ' ಎಂದು ಬರೆಯಲೇ ಎಂದು ಕೇಳಿದೆ, ನಿಮ್ಮ ತಾಯಿ ಒಪ್ಪಲಿಲ್ಲ. — ಓಂಗ್)

ವಿಷಯ ಇಷ್ಟು. ಗುಕೆಂಗ್ ಗುಡ್ಡದಲ್ಲಿ ನಿಮ್ಮಣ್ಣ ಕುನ್‌ಬೊಕ್‌ನ ಕೋಳಿಗಳು ಸಾಯುತ್ತಿವೆ. ಹನ್ನೆರಡು ವಾರದವು, ಇನ್ನೆರಡು ವಾರಕ್ಕೆ ಮಾರಬೇಕಾಗಿದ್ದವು. ಕತ್ತು ತಿರುಚಿಕೊಂಡು, ಹಸಿರು ಹಿಕ್ಕೆ ಹಾಕಿಕೊಂಡು, ದಿನಕ್ಕೆ ಎಂಬತ್ತು ತೊಂಬತ್ತು ಬೀಳುತ್ತಿವೆ. ಮೊನ್ನೆ ಐದು ಸತ್ತ ಕೋಳಿಗಳನ್ನು ಐಸಿನಲ್ಲಿಟ್ಟು ನಿಮ್ಮಲ್ಲಿಗೇ ಕಳುಹಿಸಿದ್ದಾನೆ. ಹೆಸರು ನೋಡಿ ಪಕ್ಕಕ್ಕಿಡಬೇಡ. ಅವನಿಗೂ ನಿನಗೂ ಮಾತಿಲ್ಲ, ಸರಿ, ಕೋಳಿಗಳು ಏನು ಮಾಡಿದ್ದವು?

ಇನ್ನೊಂದು ಮಾತು. ಆಗಸ್ಟಿನಿಂದ ಅವನು ಮಾರಿದ ಕೋಳಿಗಳ ಅಂಡುಗಳನ್ನೇ ನಾನು ಅಂಗಡಿಗೆ ತರಿಸುತ್ತಿದ್ದೇನೆ. ಅಂಡಿನ ಒಳಬದಿಗೆ, ತೂತಿನ ಮೇಲ್ಗಡೆ, ದ್ರಾಕ್ಷಿಯಂಥ ಒಂದು ಗಂಟು ಅಂಟಿಕೊಂಡಿರುತ್ತದೆ. ಗಿರಾಕಿಗಳಿಗೆ ಅದು ಹಿಡಿಸುವುದಿಲ್ಲವೆಂದು ಉಗುರಿನಿಂದ ಕಿತ್ತು ಎಸೆಯುತ್ತೇನೆ. ಮೂವತ್ತೊಂದು ವರ್ಷದಿಂದ ಕೀಳುತ್ತಿದ್ದೇನೆ. ನಿಮ್ಮಣ್ಣನ ಕೋಳಿಗಳಲ್ಲಿ ಆ ದ್ರಾಕ್ಷಿಯೇ ಇಲ್ಲ. ಬೆರಳಿಟ್ಟರೆ ಒಣಗಿದ ಬೇಳೆಯಷ್ಟು ಏನೋ ಸಿಗುತ್ತದೆ, ಅಷ್ಟೆ. ಅದೇನೆಂದು ನೋಡು.

ಪಿತೃಗಳ ಹಬ್ಬಕ್ಕೆ ಬಂದವಳು ಅಂಗಡಿಯೊಳಗೆ ಮೂಗಿಗೆ ಕರವಸ್ತ್ರ ಮುಚ್ಚಿಕೊಂಡೇ ಕೂತಿದ್ದೆ. ನಾನು ನೋಡಲಿಲ್ಲ ಅಂದುಕೊಂಡಿದ್ದೀಯ.

ನಿನ್ನ ಅಮ್ಮ,
ಬೊಂಗ್‌ಚೀ

*

ತೈಚುಂಗ್
21 ಅಕ್ಟೋಬರ್ 1993

ಅಮ್ಮ,

ಮೊದಲು ಒಂದು ವಿನಂತಿ. ಇಲ್ಲಿಗೆ ಬರುವ ಕಾಗದಗಳನ್ನೆಲ್ಲ ಗುಮಾಸ್ತರು ಒಡೆದು, ಮುದ್ರೆ ಹೊಡೆದು ಆಮೇಲೆ ನಮ್ಮ ಮೇಜಿಗೆ ತರುತ್ತಾರೆ. ಅಂಡು, ತೂತು ಎಂದೆಲ್ಲ ಬರೆಸಬೇಡ. ಆ ಕಾಗದವನ್ನು ನನ್ನ ಕೈಗೆ ಕೊಡುವಾಗ ಗುಮಾಸ್ತರ ಮುಖದಲ್ಲಿದ್ದ ನಗೆ ನನಗೆ ಗುರುತಿದೆ. ಮೂರನೇ ಕ್ಲಾಸಿನಲ್ಲಿ ನೋಡಿದ ನಗೆಯೇ. ನಾನು ತರಗತಿಗೆ ಕಾಲಿಟ್ಟ ಕೂಡಲೇ ಹಿಂದಿನ ಬೆಂಚಿನವರು ಮೂಗು ಹಿಡಿದು "ಏಳು ಹರದಾರಿ ಘಮ ಬಂದ್ಲು" ಎನ್ನುತ್ತಿದ್ದರು. ನಿನ್ನ ಅಂಗಡಿಯ ಬೋರ್ಡಿನ ಹೆಸರು ನನ್ನ ಹೆಸರಾಯಿತು. ನನ್ನ ಸಮವಸ್ತ್ರವನ್ನು ನೀನು ಒಲೆಯ ಮೇಲೆ ಒಣಹಾಕುತ್ತಿದ್ದೆ. ಹನ್ನೆರಡು ವರ್ಷ ನಾನು ಕೋಳಿಯ ಹಿಂಭಾಗದ ಕೊಬ್ಬಿನ ವಾಸನೆ ತೊಟ್ಟುಕೊಂಡು ಓದಿದೆ. ಈಗಲೂ ಆ ವಾಸನೆಯನ್ನು ತಡೆಯಲಾರೆ. ಅದಕ್ಕೇ ಕರವಸ್ತ್ರ.

ಇನ್ನು ಅಣ್ಣನ ವಿಷಯ. ಐದೂ ಕೋಳಿಗಳನ್ನು ನಾನೇ ಕೊಯ್ದು ನೋಡಿದೆ. ರೋಗ ಕೊಕ್ಕರೆ ರೋಗ, ಅನುಮಾನವಿಲ್ಲ. ಅವನ ಲಸಿಕೆ ಪುಸ್ತಕದಲ್ಲಿ ಮರಿಯ ನಾಲ್ಕನೇ ದಿನ ಒಂದು ಸಲ, ನಾಲ್ಕನೇ ವಾರ ಇನ್ನೊಂದು ಸಲ ಕೊಕ್ಕರೆ ರೋಗದ ಲಸಿಕೆ ಹಾಕಿದ್ದೇನೆಂದು ಬರೆದು, ಸೀಸೆಯ ಚೀಟಿ ಅಂಟಿಸಿ, ಸಹಿ ಮಾಡಿದ್ದಾನೆ. ನಮ್ಮವರು ಅವನ ಶೆಡ್ಡಿಗೆ ಹೋಗಿ ಬದುಕಿದ್ದ ಮೂವತ್ತು ಕೋಳಿಗಳ ರಕ್ತ ತಂದರು. ಲಸಿಕೆ ಬಿದ್ದಿದ್ದರೆ ರಕ್ತದಲ್ಲಿ ಪ್ರತಿಕಾಯಗಳು ಇರಲೇಬೇಕು. ಇಲ್ಲ. ಮೂವತ್ತರಲ್ಲಿ ಇಪ್ಪತ್ತೆಂಟಕ್ಕೆ ಹೆಸರಿಗೂ ಇಲ್ಲ. ಅಂದರೆ ಸೀಸೆ ತಂದಿದ್ದಾನೆ, ಚೀಟಿ ಕಿತ್ತು ಅಂಟಿಸಿದ್ದಾನೆ, ಹಾಕಿಲ್ಲ.

ಥೂ. ಅವನು ಸೋಮಾರಿ ಎಂದಿದ್ದರೆ ಸಹಿಸುತ್ತಿದ್ದೆ. ಸುಳ್ಳು ಬರೆದು, ಕೆಳಗೆ ಅಪ್ಪ ಬಿಟ್ಟುಹೋದ ಹೆಸರಿನ ಮುದ್ರೆ ಒತ್ತಿದ್ದಾನಲ್ಲ, ಅದನ್ನು ನೋಡಿ ಮೈಯೆಲ್ಲ ಉರಿಯಿತು. ವರದಿಯನ್ನು ಬೇರೆಯವರಿಗೆ ಬಿಡಬಹುದಿತ್ತು. ಅಣ್ಣನೆಂದು ಮೆತ್ತಗೆ ಬರೆದಳು ಎಂದು ಯಾರೂ ಆಡಿಕೊಳ್ಳಬಾರದೆಂದು ನಾನೇ ಬರೆದೆ. ಒಂದು ಪ್ರತಿ ಅವನ ನಾಟಿಕೋಳಿ ಸಾಕಣೆದಾರರ ಸಂಘಕ್ಕೂ ಹೋಗುತ್ತದೆ.

ನಿನ್ನ ದ್ರಾಕ್ಷಿ ಕೋಳಿ ಬೆಳೆದಂತೆ ತಾನೇ ಕರಗುವ ವಸ್ತು. ಪುಸ್ತಕದಲ್ಲಿದೆ. ಚಿಂತೆ ಬೇಡ.

ಪೆಕ್‌ಹಾ

*

ದೌಲಿಯು
4 ನವೆಂಬರ್ 1993

ಪೆಕ್‌ಹಾ,

ನಿನ್ನ ಕಾಗದವನ್ನು ಮೇಷ್ಟ್ರು ನನಗೆ ಎರಡು ಸಲ ಓದಿ ಹೇಳಿದರು. ಮೊದಲ ಸಲ ನಾನು ನಂಬಲಿಲ್ಲ.

ನನ್ನ ವಾಸನೆಯ ವಿಷಯ ಆಮೇಲೆ. ಆ ಕೊಬ್ಬೇ ನಿನ್ನನ್ನು ಪಶುವೈದ್ಯೆ ಮಾಡಿದ್ದು ಎಂದು ಎತ್ತಿ ಹೇಳುವಷ್ಟು ನಾನು ಕೀಳಲ್ಲ. ಬರೆಸಿಬಿಟ್ಟೆನಲ್ಲ, ಇರಲಿ.

ಮೊನ್ನೆ ಸೋಮವಾರ ಬಿಳಿ ಬಟ್ಟೆಯವರು ಲಾರಿ ತಂದು ಅಣ್ಣನ ಉಳಿದ ಕೋಳಿಗಳನ್ನೂ ಕೊಂದು, ಗುಂಡಿ ತೋಡಿ, ಸುಣ್ಣ ಸುರಿದು ಮುಚ್ಚಿದರು. ನಾನು ಹೋಗಿದ್ದೆ. ಒಂದು ಮೈಲಿಗೆ ಹೊಡೆಯುವ ನಾತ. ನಿನ್ನ ಕರವಸ್ತ್ರ ಅಲ್ಲಿ ಸಾಲುತ್ತಿರಲಿಲ್ಲ. ಸಂಘದ ಮುಖ್ಯಸ್ಥ ಕ್ವೆ ಬೇಲಿಯಾಚೆ ನಿಂತು ನೋಡುತ್ತಿದ್ದ. ಒಳಗೆ ಬರಲಿಲ್ಲ. ಕುನ್‌ಬೊಕ್ ಅವನ ಹತ್ತಿರ ಹೋಗಿ ಹೇಳಿದ, "ಕ್ವೆ ಅಣ್ಣ, ನಾನೂ ಸೂಕಿಮ್ಮೂ ಇಬ್ರೇ ಕೂತ್ಕೊಂಡು ಮೂರು ಸಾವಿರ ಮರಿಗೂ ಕಣ್ಣಿಗೆ ಲಸಿಕೆ ಹನಿ ಬಿಟ್ಟಿದೀವಿ. ಅರ್ಧ ಅವಳು, ಅರ್ಧ ನಾನು. ಒಂದೊಂದನ್ನೂ ಕೈಲಿ ಹಿಡ್ದು."

"ನಿನ್ ತಂಗಿ ಬರ್ದಿರೋದು ಬೇರೆ ಇದೆಯಲ್ಲಪ್ಪ."

"ಅವಳು ಇಲ್ಲಿ ಬಂದು ನೋಡಿದ್ಲಾ?"

"ರಕ್ತ ನೋಡಿದಾಳೆ. ನೀನು ಹೇಳಿದ್ದನ್ನ ನಂಬ್ಲೋ, ರಕ್ತ ಹೇಳಿದ್ದನ್ನ ನಂಬ್ಲೋ?"

ಸೊಸೆ ಸೂಕಿಮ್ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಅವಳು ಹೆಚ್ಚು ಮಾತಾಡುವವಳಲ್ಲ, ನಿನಗೆ ಗೊತ್ತು. ನನಗೆ ಮಾತ್ರ ಕೇಳುವಂತೆ ಅಂದಳು, "ಅತ್ತೆ, ಹನಿ ಬಿಟ್ಟ ಆ ಎರಡು ದಿನ ಆದ್ಮೇಲೆ ನಂಗೆ ಊಟದ ಕಡ್ಡಿ ಹಿಡಿಯೋಕೂ ಹೆಬ್ಬೆರಳು ಮಡಚೋಕೆ ಆಗ್ತಿರ್ಲಿಲ್ಲ. ಚಮಚದಲ್ಲಿ ಅನ್ನ ತಿಂದೆ."

ಈಗ ದ್ರಾಕ್ಷಿಯ ಮಾತು. ಮುದಿ ಹ್ಯಾಟೆಗೆ ಅದಿರುವುದಿಲ್ಲವೆಂದು ನನಗೆ ನಿನ್ನ ಪುಸ್ತಕ ಹೇಳಬೇಕಾಗಿಲ್ಲ. ಹದಿನಾಲ್ಕು ವಾರದ ಕೋಳಿಗೆ ಇರುತ್ತದೆ. ನೆನ್ನೆ ಪಕ್ಕದ ಗುಡ್ಡದ ಚ್ವಾ ಮನೆಯ ಕೋಳಿಗಳ ಅಂಡು ತರಿಸಿದೆ, ಅದೇ ವಯಸ್ಸಿನವು. ನಲವತ್ತಕ್ಕೆ ನಲವತ್ತರಲ್ಲೂ ಗುಂಡಗೆ, ಬಿಳಿಚಿಕೊಂಡು, ರಸ ತುಂಬಿದಂತೆ ಇತ್ತು. ನಿಮ್ಮಣ್ಣನ ಕೋಳಿಗಳಲ್ಲಿ ಮಾತ್ರ ಬೇಳೆ. ಇದಕ್ಕೂ ಅದಕ್ಕೂ ಸಂಬಂಧ ಉಂಟೋ ಇಲ್ಲವೋ ನನಗೆ ತಿಳಿಯದು, ನಾನು ಓದಿದವಳಲ್ಲ. ಒಂದೇ ಮಾತು ಕೇಳುತ್ತೇನೆ, ಉತ್ತರ ಬರಿ.

ಆ ಐದು ಕೋಳಿಗಳನ್ನು ಕೊಯ್ದೆ ಎಂದೆಯಲ್ಲ. ಅಂಡು ಕೊಯ್ದೆಯಾ?

ಅಮ್ಮ

(ಆ ಪದವನ್ನು ಈ ಸಲ ನಾನಾಗಿಯೇ ಬರೆದಿದ್ದೇನೆ. ಅದರ ಬದಲಿಗೆ ಇನ್ನೊಂದು ಪದ ಹುಡುಕುವ ಮನಸ್ಸಾಗಲಿಲ್ಲ. — ಓಂಗ್)

*

ತೈಚುಂಗ್
15 ನವೆಂಬರ್ 1993

ಅಮ್ಮ,

ನಾನು ನಮೂನೆಯ ಪ್ರಕಾರವೇ ಪರೀಕ್ಷೆ ಮಾಡಿದ್ದೇನೆ. ನಮೂನೆಯಲ್ಲಿ ಹದಿನಾರು ಸಾಲುಗಳಿವೆ, ಹದಿನಾರನ್ನೂ ತುಂಬಿದ್ದೇನೆ. ಇಷ್ಟು ವರ್ಷ ಕೆಲಸ ಮಾಡಿದವಳಿಗೆ ಕೋಳಿ ಕೊಯ್ಯುವುದನ್ನು ನೀನು ಹೇಳಿಕೊಡುವುದು ಬೇಡ.

ಸೂಕಿಮ್ ಅತ್ತಿಗೆಯ ಹೆಬ್ಬೆರಳಿನ ಬಗ್ಗೆ ನನಗೂ ಕೆಡುಕೆನಿಸಿತು. ಆದರೆ ಹೆಬ್ಬೆರಳು ಸಾಕ್ಷಿಯಲ್ಲ. ರಕ್ತ ಏಕೆ ಸುಳ್ಳು ಹೇಳುವುದಿಲ್ಲ ಎಂದು ಬರೆಯುತ್ತೇನೆ, ಮೇಷ್ಟ್ರು ಬಿಡಿಸಿ ಹೇಳಲಿ.

ಮೈಯೊಳಗೆ ಬಿಳಿಯ ರಕ್ತಕಣಗಳಿವೆ. ಅವುಗಳಲ್ಲೊಂದು ಜಾತಿಯ ಕೆಲಸವೇ ಪ್ರತಿಕಾಯ ತಯಾರಿಸುವುದು. ಆ ಜಾತಿಯ ಒಂದೊಂದು ಕಣವೂ ಒಂದೊಂದೇ ಗುರುತನ್ನು ಹಿಡಿಯಬಲ್ಲದು. ಒಂದಕ್ಕೆ ಕೊಕ್ಕರೆ ರೋಗದ ವೈರಾಣುವಿನ ಗುರುತು, ಇನ್ನೊಂದಕ್ಕೆ ಸಿಡುಬಿನದು, ಹೀಗೆ. ತನ್ನ ಗುರುತಿನ ರೋಗಾಣು ಎದುರಾಗುವವರೆಗೆ ಕಣ ಸುಮ್ಮನೆ ರಕ್ತದಲ್ಲಿ ಸುತ್ತುತ್ತಿರುತ್ತದೆ. ಎದುರಾಯಿತೋ, ಒಂದಿದ್ದದ್ದು ಸಾವಿರವಾಗಿ ಹೆಚ್ಚಿ, ಪ್ರತಿಕಾಯಗಳನ್ನು ರಕ್ತಕ್ಕೆ ಸುರಿಯತೊಡಗುತ್ತದೆ. ಪ್ರತಿಕಾಯವೆಂದರೆ ಕಣ್ಣಿಗೆ ಕಾಣದಷ್ಟು ಚಿಕ್ಕ ವಸ್ತು. ಅದು ಹೋಗಿ ರೋಗಾಣುವಿಗೆ ಅಂಟಕ್ಕಿಯ ಹಿಟ್ಟಿನಂತೆ ಮೆತ್ತಿಕೊಳ್ಳುತ್ತದೆ. ಮೆತ್ತಿಸಿಕೊಂಡ ರೋಗಾಣು ಮೈಯ ಕೋಶಗಳೊಳಕ್ಕೆ ನುಗ್ಗಲಾರದು. ಬೇರೆ ಕಣಗಳು ಬಂದು ಅದನ್ನು ನುಂಗಿಬಿಡುತ್ತವೆ. ರೋಗ ಹೋದ ಮೇಲೂ ಕೆಲವು ಕಣಗಳು ಆ ಗುರುತನ್ನು ಇಟ್ಟುಕೊಂಡು ಉಳಿದಿರುತ್ತವೆ, ಎರಡನೇ ಸಲ ಬಂದರೆ ತಡಮಾಡುವುದಿಲ್ಲ. ಲಸಿಕೆಯೆಂದರೆ ನಿಜವಾದ ರೋಗ ಬರುವ ಮೊದಲೇ ಈ ಕಣಗಳಿಗೆ ಅದರ ಗುರುತು ತೋರಿಸಿಡುವುದು.

ಆದ್ದರಿಂದ ಲಸಿಕೆ ಹಾಕಿದ ಕೋಳಿಯ ರಕ್ತದಲ್ಲಿ ಪ್ರತಿಕಾಯ ಇದ್ದೇ ಇರುತ್ತದೆ. ಇಲ್ಲವೆಂದರೆ ಲಸಿಕೆ ಹಾಕಿಲ್ಲವೆಂದೇ ಅರ್ಥ, ಆ ಕಣಗಳೇ ಇಲ್ಲದಿದ್ದರೆ ಬೇರೆ ಮಾತು. ಈ ಕಣಗಳು ಮನುಷ್ಯರಲ್ಲಿ ಮೂಳೆಯ ಮಜ್ಜೆಯಲ್ಲಿ ಸಿದ್ಧವಾಗುತ್ತವೆ. ಕೋಳಿಗಳಲ್ಲಿ ಬೇರೆ ಕಡೆ ಸಿದ್ಧವಾಗುತ್ತವೆ.

ಇಷ್ಟು ಸಾಕು. ನನಗೆ ಕೆಲಸವಿದೆ.

ಪೆಕ್‌ಹಾ

*

ದೌಲಿಯು
29 ಜನವರಿ 1994

ಡಾಕ್ಟರ್ ಲಿಮ್ ಪೆಕ್‌ಹಾ ಅವರಿಗೆ,

ಈ ಕಾಗದ ನಿಮ್ಮ ತಾಯಿ ಹೇಳಿ ಬರೆಸಿದ್ದಲ್ಲ, ಅವರಿಗೆ ಗೊತ್ತೂ ಇಲ್ಲ. ನಿಮಗೆ ಮೂರನೇ ತರಗತಿಯಲ್ಲಿ ಪಾಠ ಹೇಳಿದವನು ಎಂಬ ಸಲಿಗೆಯಿಂದ ಬರೆಯುತ್ತಿದ್ದೇನೆ. ಹಿಂದಿನ ಬೆಂಚಿನವರು ಮೂಗು ಹಿಡಿಯುವುದನ್ನು ನಾನೂ ನೋಡುತ್ತಿದ್ದೆ. ಕಪ್ಪುಹಲಗೆಯ ಕಡೆ ತಿರುಗಿಕೊಳ್ಳುತ್ತಿದ್ದೆ. ಅದು ನೆನಪಾದಾಗಲೆಲ್ಲ ನನ್ನ ಬಗ್ಗೆ ನನಗೇ ಅಸಹ್ಯವಾಗುತ್ತದೆ, ಇನ್ನೊಬ್ಬರಿಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಆದರೂ ಹೇಳುತ್ತೇನೆ.

ನಿಮ್ಮ ನವೆಂಬರ್ ಕಾಗದವನ್ನು ಓದಿ ಹೇಳಿದಾಗ ಬೊಂಗ್‌ಚೀ ಕೇಳಿದ್ದು ಒಂದೇ, "ಬೇರೆ ಕಡೆ ಅಂದ್ರೆ ಎಲ್ಲಿ, ಮೇಷ್ಟ್ರೇ?" ನನಗೂ ಗೊತ್ತಿರಲಿಲ್ಲ. ಹಳೆಯ ಶಾಲೆಯ ಪುಸ್ತಕಭಂಡಾರಕ್ಕೆ ಹೋಗಿ ಜೀವಶಾಸ್ತ್ರದ ದಪ್ಪ ಪುಸ್ತಕ ತೆಗೆಸಿದೆ. ಚಿತ್ರವೂ ಇತ್ತು. ಅದನ್ನು ಬರೆದುಕೊಂಡು ಬಂದು ತೋರಿಸಿದೆ. ಅವರು ನನ್ನ ಚಿತ್ರದ ಮೇಲೆ ಬೆರಳಿಟ್ಟು, "ಇದೇ ನಾನು ಕಿತ್ತು ಬಿಸಾಕೋದು" ಎಂದರು. ಆಮೇಲೆ ಕೈ ತೊಳೆದುಕೊಂಡು ಒಲೆಯ ಮುಂದೆ ಕೂತರು. ನಿಮಗೆ ಕಾಗದ ಬರೆಸುವುದನ್ನು ಅಂದಿನಿಂದ ನಿಲ್ಲಿಸಿದ್ದಾರೆ.

ನಾನು ಮೇಷ್ಟ್ರು, ನನಗೆ ತಿಳಿಯುವುದು ಶಾಲೆಯ ಲೆಕ್ಕದಲ್ಲೇ. ಮೇಷ್ಟ್ರು ತಪ್ಪದೆ ಬಂದು ಪಾಠ ಹೇಳಿ ಹೋಗಿದ್ದಾರೆ, ಆದರೆ ತರಗತಿಯಲ್ಲಿ ಮಕ್ಕಳೇ ಇರಲಿಲ್ಲ. ಪರೀಕ್ಷೆಯ ದಿನ ಯಾರೂ ಉತ್ತರ ಬರೆಯಲಿಲ್ಲವೆಂದು ಮೇಷ್ಟ್ರನ್ನು ಕಳ್ಳನೆಂದರೆ ಹೇಗೆ? ನಾನು ತಿಳಿದದ್ದು ತಪ್ಪಿರಬಹುದು. ಹಾಗಿದ್ದರೆ ಎರಡು ಸಾಲು ಬರೆದು ತಿದ್ದಿ.

ಮೊನ್ನೆ ಚಾಂದ್ರಮಾನದ ಹನ್ನೆರಡನೇ ತಿಂಗಳ ಹದಿನಾರಕ್ಕೆ ಸಂಘದ ವರ್ಷದ ಕೊನೆಯ ಊಟ ಇತ್ತು, ಭೂದೇವರ ಗುಡಿಯ ಅಂಗಳದಲ್ಲಿ, ಮಧ್ಯಾಹ್ನ. ಕೆಂಪು ಬಟ್ಟೆಯ ಮೇಲೆ ಅಕ್ಷರ ಬರೆಯಲು ನನ್ನನ್ನು ಕರೆದಿದ್ದರು. ಇಡೀ ಕೋಳಿಯ ತಟ್ಟೆ ಬಂತು. ಕೋಳಿಯ ತಲೆ ಯಾರ ಕಡೆಗಿದೆಯೋ ಅವರು ಮುಂದಿನ ವರ್ಷ ಬರಬೇಕಾಗಿಲ್ಲ ಎಂಬ ರೂಢಿ ನಿಮಗೆ ಗೊತ್ತೇ ಇದೆ. ಯಾರಿಗೂ ನೋವಾಗಬಾರದೆಂದು ಈಗೆಲ್ಲ ತಲೆಯನ್ನು ರೆಕ್ಕೆಯಡಿ ಸಿಕ್ಕಿಸಿಯೇ ತರುತ್ತಾರೆ. ಕ್ವೆ ಎದ್ದು ನಿಂತು, ತನ್ನ ಊಟದ ಕಡ್ಡಿಗಳಿಂದಲೇ ಆ ತಲೆಯನ್ನು ಹೊರಗೆಳೆದು, ತಟ್ಟೆಯನ್ನು ನಿಧಾನವಾಗಿ ತಿರುಗಿಸಿ, ಕೊಕ್ಕನ್ನು ನಿಮ್ಮಣ್ಣನ ಎದೆಗೆ ನೇರವಾಗಿ ನಿಲ್ಲಿಸಿದ.

ಮೂರು ಮೇಜಿನವರೂ ಕಡ್ಡಿಗಳನ್ನು ಕೆಳಗಿಟ್ಟರು. ಆಮೇಲೆ ಕ್ವೆ ನಗುತ್ತಾ, "ತಿನ್ರಪ್ಪ, ಆರೋಗುತ್ತೆ. ಇದು ಲಸಿಕೆ ಹಾಕಿದ ಕೋಳಿ" ಎಂದ. ನಾಲ್ಕೈದು ಜನ ನಕ್ಕರು. ನಿಮ್ಮಣ್ಣ ತನ್ನ ಬಟ್ಟಲಿನ ಅನ್ನವನ್ನು ಕೊನೆಯ ಅಗುಳಿನವರೆಗೆ ತಿಂದು, ಕಡ್ಡಿಗಳನ್ನು ಜೋಡಿಸಿಟ್ಟು, "ಊಟ ಆಯ್ತು, ಎಲ್ರೂ ನಿಧಾನಕ್ಕೆ ಮಾಡಿ" ಎಂದು ಹೇಳಿ ಎದ್ದು ಹೋದ. ಒಬ್ಬನೇ ಬಂದಿದ್ದ. ಸೂಕಿಮ್ ತವರಿಗೆ ಹೋಗಿದ್ದಾಳಂತೆ, ಮೈಗೆ ಹುಷಾರಿಲ್ಲವಂತೆ. ನಾನು ಸಾರಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದೆ. ಆ ನಕ್ಕವರ ಬಾಯಿಗಳನ್ನು ನೋಡಿದೆ, ಎಲ್ಲವೂ ಜಿಡ್ಡು ಜಿಡ್ಡು.

ನಿಮ್ಮ ಪ್ರಯೋಗಾಲಯದಲ್ಲಿ ಆ ಕೋಳಿಗಳು ಇನ್ನೂ ಇದ್ದರೆ, ಒಂದು ಸಲ ನೋಡಿ.

ಓಂಗ್ ತಿಯಾನ್‌ಸಿಯೊಂಗ್

*

ತೈಚುಂಗ್
7 ಫೆಬ್ರವರಿ 1994

ಅಣ್ಣ,

ಏಳು ವರ್ಷದಲ್ಲಿ ಇದು ನಿನಗೆ ಬರೆಯುತ್ತಿರುವ ಮೊದಲ ಕಾಗದ. ಅಪ್ಪನ ಮಣ್ಣಿನ ದಿನ ಊಟಕ್ಕೆ ಅಮ್ಮನ ಅಂಗಡಿಯ ಸುಟ್ಟ ಕೋಳಿ ಕಡ್ಡಿಗಳನ್ನು ಬಡಿಸಿದರೆ ಕೂರುವುದಿಲ್ಲ ಎಂದು ನಾನು ಹೇಳಿದೆ, "ಹೊರಗೆ ಹೋಗು" ಎಂದು ನೀನು ಹೇಳಿದೆ, ಮಾತು ಅಲ್ಲಿಗೆ ನಿಂತಿತು. ಈಗ ಇದನ್ನು ಪೂರ್ತಿ ಓದು. ಆಮೇಲೆ ಬೇಕಾದರೆ ಹರಿದು ಹಾಕು.

ನಮ್ಮ ನಮೂನೆಯ ಹನ್ನೊಂದನೇ ಸಾಲು ಕೋಳಿಯ ಗುದದ ಮೇಲಿನ ಚೀಲದ್ದು. ಅಮ್ಮ ದ್ರಾಕ್ಷಿ ಎನ್ನುತ್ತಾಳಲ್ಲ, ಅದು. ಅದನ್ನು ನೋಡಬೇಕಾದರೆ ಹಿಂಭಾಗವನ್ನು ಬಿಡಿಸಿ, ಕರುಳಿನ ಕೊನೆಯನ್ನು ಮುಂದಕ್ಕೆ ಮಗುಚಬೇಕು. ಆಗ ಕೊಬ್ಬಿನ ಜೊತೆ ಹಿಕ್ಕೆಯ ವಾಸನೆ ಸೇರಿ ಬರುತ್ತದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಮಾಡಿದೆ, ಪ್ರತಿ ಸಲವೂ ಹೊರಗೋಡಿ ವಾಂತಿ ಮಾಡಿಕೊಂಡೆ. ಆಮೇಲೆ ಆ ಸಾಲಿನಲ್ಲಿ ನೋಡದೆಯೇ 'ಸಹಜ' ಎಂದು ಬರೆಯತೊಡಗಿದೆ. ಯಾರೂ ಕೇಳಲಿಲ್ಲ. ನಿನ್ನ ಐದು ಕೋಳಿಗಳಿಗೂ ಐದು ಸಲ 'ಸಹಜ' ಎಂದು ಬರೆದೆ. ಬರೆದು, ಅದೇ ಪೆನ್ನಿನಿಂದ ಕೆಳಗೆ ನಿನ್ನ ಪುಸ್ತಕ ಸುಳ್ಳೆಂದು ಬರೆದೆ.

ನವೆಂಬರಿನಲ್ಲಿ ಅಮ್ಮನಿಗೆ ಈ ಕಣಗಳ ವಿಷಯ ವಿವರಿಸುತ್ತಿದ್ದಾಗಲೇ ನನಗೆ ಹೊಳೆಯಿತು. ಆ ಕಣಗಳು ಕೋಳಿಯಲ್ಲಿ ಎಲ್ಲಿ ಸಿದ್ಧವಾಗುತ್ತವೆಂದು ಬರೆಯಬೇಕಾದ ಕಡೆ ಪೆನ್ನು ನಿಂತಿತು. ಅಂದೇ ಎದ್ದು ಹೋಗಿ ನೋಡಬಹುದಿತ್ತು. ನಿನ್ನ ಕೋಳಿಗಳು ಶೀತಪೆಟ್ಟಿಗೆಯಲ್ಲಿ, ನನ್ನ ಮೇಜಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿದ್ದವು. ಹೋಗಲಿಲ್ಲ. ಎರಡೂವರೆ ತಿಂಗಳು ದಿನಾ ಆ ಪೆಟ್ಟಿಗೆಯ ಮುಂದೆ ಹಾದು ಹೋದೆ. ಮೊದಲು ವಾಸನೆಗೆ ಹೆದರಿದ್ದೆ. ಆಮೇಲೆ ಒಳಗಿರುವುದಕ್ಕೆ ಹೆದರಿದೆ.

ಮೇಷ್ಟ್ರು ಊಟದ ದಿನದ್ದನ್ನು ಬರೆದರು. ಅವರ ಕಾಗದ ಬಂದ ದಿನ ಐದನ್ನೂ ಹೊರಗೆ ತೆಗೆದೆ. ಮಂಜು ಕರಗಲು ಅರ್ಧ ದಿನ ಬೇಕಾಯಿತು. ಕೊಯ್ದೆ. ದ್ರಾಕ್ಷಿಯಿರಬೇಕಾದಲ್ಲಿ ಕಂದು ಬಣ್ಣದ ಒಂದು ಚೂರು, ತೊಗರಿಬೇಳೆಯಷ್ಟು. ಮಂಜಿನಿಂದ ಕೋಶಗಳು ಕೆಟ್ಟಿದ್ದರೂ ಸೂಕ್ಷ್ಮದರ್ಶಕದಡಿ ಇಟ್ಟಾಗ ಎಷ್ಟು ಬೇಕೋ ಅಷ್ಟು ಕಂಡಿತು. ಪ್ರತಿಕಾಯದ ಕಣಗಳು ಗಿಜಿಗುಟ್ಟಬೇಕಾದ ಗೂಡುಗಳೆಲ್ಲ ಖಾಲಿ, ಬರೀ ನಾರು. ಐದರಲ್ಲೂ ಹಾಗೇ. ಇದು ಗುಂಬೊರೊ ಎಂಬ ಬೇರೆಯೇ ಕಾಯಿಲೆಯ ಕೆಲಸ. ಅದರ ವೈರಾಣು ನೇರವಾಗಿ ಆ ಚೀಲಕ್ಕೇ ಹೋಗಿ ಆ ಕಣಗಳನ್ನೇ ಕೊಲ್ಲುತ್ತದೆ. ಮೊದಲ ಎರಡು ವಾರದಲ್ಲಿ ಬಂದರೆ ಮರಿ ಸಾಯುವುದಿಲ್ಲ, ಒಂದೆರಡು ದಿನ ಮಂಕಾಗಿ ಕೂತು ಎದ್ದುಬಿಡುತ್ತದೆ. ಎರಡನೇ ಹನಿ ಬಿಡುವ ಹೊತ್ತಿಗೆ ಅದನ್ನು ತೆಗೆದುಕೊಳ್ಳುವ ಕಣಗಳೇ ಉಳಿದಿರಲಿಲ್ಲ. ಹಿಂದಿನ ತಂಡದ ಕೋಳಿಗಳಿಗೂ ಅದೇ ಆಗಿತ್ತು, ಅಮ್ಮನ ಬೆರಳಿಗೆ ಆಗಲೇ ಸಿಕ್ಕಿತ್ತು. ನೀನು ಲಸಿಕೆ ಹಾಕಿದ್ದೆ. ಮೂರು ಸಾವಿರಕ್ಕೂ ಹಾಕಿದ್ದೆ.

ಈ ಸಲ ವಾಂತಿಯಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. ಕೈಗವಸು ಬಿಚ್ಚಿ ಕೈ ಮೂಸಿ ನೋಡಿಕೊಂಡೆ. ಈವರೆಗೆ ಯಾವ ಕೋಳಿಯೂ ನನಗೆ ಆ ನನ್ನ ಕೈಯಷ್ಟು ಹೇಸಿಗೆ ಹುಟ್ಟಿಸಿರಲಿಲ್ಲ.

ತಿದ್ದುಪಡಿ ಬರೆದು ನಿರ್ದೇಶಕರ ಮುಂದಿಟ್ಟೆ. ಅವರು ಓದಿ, "ಹನ್ನೊಂದನೇ ಸಾಲನ್ನ ಯಾರಮ್ಮ ಓದ್ತಾರೆ? ಕೋಳಿ ಹೂತಾಯ್ತು. ಹೊಸ ವರ್ಷ ಹತ್ರ ಬಂತು, ಊರಿಗೆ ಹೋಗಿ ಊಟ ಮಾಡ್ಕೊಂಡು ಬಾ" ಎಂದರು. ನಾನು ಅವರ ಸಹಿಗೆ ಕಾಯಲಿಲ್ಲ. ನೋಡದೆ ಬರೆದೆ ಎಂಬುದನ್ನೂ ಸೇರಿಸಿ, ನನ್ನ ಸಹಿ ಹಾಕಿ, ಒಂದನ್ನು ಜಿಲ್ಲಾ ಕಚೇರಿಗೆ, ಒಂದನ್ನು ಕ್ವೆಗೆ ರಿಜಿಸ್ಟರ್ ಅಂಚೆಯಲ್ಲಿ ಕಳುಹಿಸಿದ್ದೇನೆ. ಇದರೊಡನೆ ಒಂದು ನಿನಗೆ. ನನ್ನ ಕೆಲಸ ಉಳಿಯುತ್ತದೋ ಇಲ್ಲವೋ ಹಬ್ಬದ ನಂತರ ತಿಳಿಯುತ್ತದೆ. ಸಂಘದವರ ಮುಂದೆ ನಿಂತು ಓದಿ ಹೇಳು ಎಂದರೆ ಬಂದು ಓದುತ್ತೇನೆ.

ಹೊಸ ವರ್ಷದ ಹಿಂದಿನ ದಿನದ ಊಟಕ್ಕೆ ನಾನು ಬರುವುದಿಲ್ಲ. ನೀನು ಕರೆದರೆ ಬರುತ್ತೇನೆ.

ನಿನ್ನ ತಂಗಿ,
ಪೆಕ್‌ಹಾ

*

ಗುಕೆಂಗ್
3 ಮಾರ್ಚ್ 1994

ಪೆಕ್‌ಹಾ,

ಕಾಗದ ಹಬ್ಬಕ್ಕೆ ಮೊದಲೇ ಬಂದಿತ್ತು. ಬರೆಯಲು ತಡವಾಯಿತು.

ಕ್ವೆ ಬಂದಿದ್ದ. ಒಂದು ಬುಟ್ಟಿ ಕಿತ್ತಳೆ ತಂದಿದ್ದ. "ಆಗಿದ್ದಾಯ್ತು ಬಿಡಪ್ಪ, ಮನಸ್ಸಲ್ಲಿಟ್ಕೋಬೇಡ, ಮುಂದಿನ ತಿಂಗಳು ಮೀಟಿಂಗಿಗೆ ಬಾ" ಎಂದ. ಕಿತ್ತಳೆಯನ್ನು ಅವನ ಗಾಡಿಯಲ್ಲೇ ಇಟ್ಟು ಕಳುಹಿಸಿದೆ. ಅವನ ಮುಖ ನೋಡಿದರೆ ಉಗಿಯಬೇಕೆನಿಸುತ್ತದೆ, ಆದರೆ ಅವನು ಓದಿದವನಲ್ಲ, ಕಾಗದ ಹೇಳಿದ್ದನ್ನು ನಂಬಿದ. ಕಾಗದ ಬರೆದವಳು ನೀನು.

ಎರಡನೇ ವಾರದಲ್ಲಿ ಮರಿಗಳು ಮಂಕಾಗಿದ್ದದ್ದು ನಿಜ. ಗುಡ್ಡದ ಮಳೆಯ ಥಂಡಿಗೆ ಎಂದುಕೊಂಡು ಬಲ್ಬು ಹೆಚ್ಚಿಸಿದ್ದೆವು.

ನಿನಗೆ ಗೊತ್ತಿಲ್ಲದ್ದನ್ನು ಹೇಳುತ್ತೇನೆ. ರಕ್ತ ಸುಳ್ಳು ಹೇಳುವುದಿಲ್ಲ ಎಂದು ನೀನು ಅಮ್ಮನಿಗೆ ಬರೆದಿದ್ದೆಯಲ್ಲ, ಅಮ್ಮ ನನಗೆ ಹೇಳಿದಳು. ನಾನೂ ನಂಬಿದೆ. ನನ್ನ ತಂಗಿ ಓದಿದವಳು, ನನ್ನ ಮೇಲೆ ಕೋಪವಿದ್ದರೂ ಕೆಲಸದಲ್ಲಿ ಮೋಸ ಮಾಡುವವಳಲ್ಲ ಎಂದು ನಂಬಿದೆ. ಒಂದೂವರೆ ಸಾವಿರ ಮರಿಗೆ ನಾನು ನನ್ನ ಕೈಯಿಂದಲೇ ಹನಿ ಬಿಟ್ಟದ್ದು ನನಗೆ ಗೊತ್ತು. ಹಾಗಾದರೆ ಸುಳ್ಳು ಉಳಿದ ಅರ್ಧದಲ್ಲಿ ಇರಬೇಕು ಎಂದುಕೊಂಡೆ. ಮೂವತ್ತರಲ್ಲಿ ಇಪ್ಪತ್ತೆಂಟು ಎಂದರೆ ನನ್ನ ಅರ್ಧವೂ ಅದರಲ್ಲಿ ಸೇರುತ್ತದೆಂದು ಲೆಕ್ಕ ಹಾಕಬೇಕಿತ್ತು, ಹಾಕಲಿಲ್ಲ. ಸೂಕಿಮ್‌ಳನ್ನು ಕೇಳಿದೆ. ಒಂದು ಸಲವಲ್ಲ, ದಿನಾ ಕೇಳಿದೆ. "ಸೀಸೆ ಎಲ್ಲಿ ಚೆಲ್ದೆ, ಹೇಳ್ಬಿಡು, ನಾನೇನೂ ಮಾಡಲ್ಲ" ಎಂದೆ. ಅವಳು ಹೆಬ್ಬೆರಳು ತೋರಿಸಿದಳು. "ನಾಟಕ ಸಾಕು" ಎಂದೆ. ಒಂದು ದಿನ ಅವಳು ಮಾಡಿದ ಅಡುಗೆಯನ್ನು ಮುಟ್ಟದೆ, ಆ ಕೈಯಿಂದ ಮಾಡಿದ್ದು ಗಂಟಲಲ್ಲಿ ಇಳಿಯುವುದಿಲ್ಲ ಎಂದುಬಿಟ್ಟೆ. ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ತವರಿಗೆ ಹೋದಳು. ಊಟದ ದಿನ ಮೈಗೆ ಹುಷಾರಿಲ್ಲವೆಂದು ನಾನೇ ಎಲ್ಲರಿಗೂ ಹೇಳಿದ್ದು.

ನೀನು ಕಳುಹಿಸಿದ ತಿದ್ದುಪಡಿ ಹಿಡಿದುಕೊಂಡು ಹೋಗಿದ್ದೆ. ಅವಳ ಅಪ್ಪ ಬಾಗಿಲಲ್ಲೇ ನಿಂತು ಪೂರ್ತಿ ಓದಿದರು. "ಇದ್ರಲ್ಲಿ ನಿಮ್ ಹೆಸ್ರಿದೆ, ನಿಮ್ ಕೋಳಿ ಹೆಸ್ರಿದೆ. ನಮ್ ಹುಡುಗಿ ಹೆಸ್ರು ಎಲ್ಲೂ ಇಲ್ವಲ್ಲ" ಎಂದು ಮಡಚಿ ವಾಪಸು ಕೊಟ್ಟರು. ಅವಳು ಹೊರಗೆ ಬರಲಿಲ್ಲ. ಒಳಗೆ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು.

ನೀನು ಸಂಘದ ಮುಂದೆ ಬಂದು ಓದುವುದು ಬೇಡ. ಅವರು ನನಗೆ ಬೇಕಾಗಿಲ್ಲ. ಸೂಕಿಮ್ ಹೆಸರು ಹಾಕಿ, ಅವಳು ಹನಿ ಬಿಟ್ಟ ಒಂದೂವರೆ ಸಾವಿರ ಮರಿಗೂ ಸರಿಯಾಗಿ ಬಿಟ್ಟಿದ್ದಾಳೆ ಎಂದು ಬೇರೆ ಒಂದು ಬರೆದು, ಮುದ್ರೆ ಒತ್ತಿ ಅಲ್ಲಿಗೆ ಕಳುಹಿಸು. ನಾನು ಬರೆದ ಕಾಗದಗಳು ಒಡೆಯದೆಯೇ ವಾಪಸು ಬರುತ್ತಿವೆ. ವಿಳಾಸ ಕೆಳಗಿದೆ.

ಕುನ್‌ಬೊಕ್

ತಾನ್ ಸೂಕಿಮ್
ಬಿದಿರು ಮಾರುಕಟ್ಟೆಯ ಹಿಂದಿನ ಬೀದಿ, ಮನೆ 14
ಝುಶಾನ್